ಹಿಂದಿನ ನಾಲ್ಕು ಸಾಲು, ಮುಂದಿನ ನಾಲ್ಕು ಸಾಲು

(ಗದಗದಾಗ ಗೆಳೆಯರು ಕೂಡಿಸಿದ ಒಂದು ಸಣ್ಣ ಸಭಾದಾಗ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿಕೋಂತ ಬರದೀನಿ, ಹೇಳಿದ್ದನ್ನ ಎರಡೆರಡು ಸಲ ಹೇಳಿದ್ದು ತಗದೀನಿ, ಮಾತಿನ ಧಾಟಿ ಮಾತ್ರ ಇದ್ದಂಗ ಬಿಟ್ಟೀನಿ.)

ಎಲ್ಲಾರಿಗೂ ಶರಣ್ರಿ, ನಮಸ್ಕಾರ್ರಿ, ಸಲಾಂ. ನನ್ನ ಹಿಂದ ಬ್ಯಾನರ್ ಕಟ್ಟ್ಯಾರಲ್ಲ, ಅದರ ಮ್ಯಾಲ ದೊಡ್ಡ ಅಕ್ಷರದಾಗ "ದೇವನೊಬ್ಬ ನಾಮ ಹಲವು" ಅಂತ ಬರಸ್ಯಾರ. ಬಸವಣ್ಣನವರ ಮಾತು. ಸರ್ವಧರ್ಮ ಸಭಾ, ಭಾವೈಕ್ಯ ಸಮ್ಮೇಳನ, ಹಬ್ಬದ ಮುಂದ ಪೊಲೀಸ್ನವರು ಕರೆಯೋ ಶಾಂತಿ ಸಭಾ, ಎಲ್ಲಿ ಹೋದ್ರೂ ಈ ಸಾಲು ಇದ್ದದ್ದ. ಇದರ ಮುಂದಿನ ಸಾಲು ಯಾರರ ಹೇಳ್ತೀರೇನ್ರಿ? (ಒಬ್ಬ ಅಜ್ಜಾರು ಮಾತ್ರ ಕೈ ಎತ್ತಿದ್ರು, ನಕ್ಕು ಕೈ ಇಳಿಸಿದ್ರು.) ಅಜ್ಜಾರಿಗೆ ಗೊತ್ತೈತಿ, ಹೇಳೂದು ಬ್ಯಾಡ ಅಂತ ಸುಮ್ಮನಾದ್ರು. ನಾನು ಹೇಳ್ತೀನಿ: "ದೇವನೊಬ್ಬ, ನಾಮ ಹಲವು, ಪರಮ ಪತಿವ್ರತೆಗೆ ಗಂಡನೊಬ್ಬ. ಮತ್ತೊಂದಕ್ಕೆರಗಿದಡೆ ಕಿವಿ ಮೂಗ ಕೊಯ್ವನು. ಹಲವು ದೈವದ ಎಂಜಲ ತಿಂಬವರನೇನೆಂಬೆ, ಕೂಡಲಸಂಗಮದೇವಾ."

ಕೇಳಿದ್ರೆಲ್ಲ. ಬ್ಯಾನರಿನ ಮ್ಯಾಲಿನ ಮೂರು ಶಬ್ದ ಕೇಳಿದ್ರ ಎಲ್ಲಾ ದೇವರೂ ಒಂದ, ಎಲ್ಲಿ ಬೇಕಾದಲ್ಲಿ ಕೈ ಮುಗೀರಿ ಅಂದಂಗ ಅನಸ್ತೈತಿ. ಪೂರ್ತಿ ವಚನ ಓದಿದ್ರ ಅಣ್ಣ ಹೇಳೋದು ಹೆಚ್ಚೂಕಡಿಮಿ ಅದರ ಉಲ್ಟಾ, ಒಬ್ಬ ದೇವರನ್ನ ಹಿಡಿದ ಮ್ಯಾಲ ಮತ್ತೊಂದು ಕಡೆ ತಲಿ ಬಾಗಿಸಬ್ಯಾಡ ಅಂತ, ಅದೂ ಭಾಳ ಬಿರುಸಿನಿಂದ. ಇನ್ನ ಯಾರರ ಈ ಪೂರ್ತಿ ವಚನ ಹಿಡಕೊಂಡು "ನೋಡ್ರಿ, ದರ್ಗಾಕ್ಕ ಹೋಗೋವರಿಗೆ ಬಸವಣ್ಣ ಎಂಜಲ ತಿನ್ನೋವರು ಅಂದಾನ" ಅಂತ ಹೊಡ್ಯಾಕ ಬಂದ್ರ ಅದೂ ತಪ್ಪ. ಯಾಕಂದ್ರ 12ನೇ ಶತಮಾನದ ಕಲ್ಯಾಣದಾಗ ಅಣ್ಣನ ಜಗಳ ಇದ್ದದ್ದು ತನ್ನವರ ಜೋಡಿ. ಕೊರಳಾಗ ಲಿಂಗ ಕಟ್ಟಿಕೊಂಡು, ಮನಿಯಾಗ ಜಡ್ಡು ಬಂತಂದ್ರ ಮತ್ತ ಮಾರಿ ಮಸಣಿ ಕಡೆ ಓಡೋ ಭಕ್ತರಿಗೆ ಹೇಳಿದ ಮಾತದು. ಪಕ್ಕದ ಮನಿಯವರಿಗೆ ಬೈದದ್ದಲ್ಲ, ತನ್ನ ಮನಿಯವರನ್ನ ತರಾಟಿಗೆ ತಗೊಂಡದ್ದು. ಮತ್ತ ಆ ಗಂಡ-ಹೆಂಡತಿ ಹೋಲಿಕಿ, ಕಿವಿ ಮೂಗು ಕೊಯ್ಯೋದು, ಇದು ಆ ಕಾಲದ್ದು, ಇವತ್ತ ಯಾವ ಶರಣರೂ ಅದನ್ನ ಹಂಗ ಮಾಡ್ರಿ ಅಂತ ತಗೊಳ್ಳೂದಿಲ್ಲ.

ನಾನು ಬೇಕಂತನ ನಮ್ಮ ಮನಿಯ ಮಾತಿನಿಂದ ಸುರು ಮಾಡೀನಿ. ಸಂದರ್ಭ ಬಿಟ್ಟು ಓದೋದು ಅಂದ್ರ ದ್ವೇಷ ಮಾಡೋವರ ಕೆಲಸ ಅಷ್ಟ ಅಂತ ನಾವು ತಿಳಕೊಂಡೀವಿ, ಆದ್ರ ಪ್ರೀತಿ ಮಾಡೋವರೂ ಅದನ್ನ ಮಾಡ್ತಾರ. ಅವರು ಚಲೋ ಸಾಲು ಕತ್ತರಿಸ್ತಾರ, ಇವರು ಕೆಟ್ಟ ಸಾಲು ಕತ್ತರಿಸ್ತಾರ, ಕತ್ತರಿ ಮಾತ್ರ ಒಂದ.

ಹತ್ತು ಗುಂಟೆ ಹೊಲ ತಗೋಬೇಕಾದ್ರ ನಾವು ಏನೇನು ನೋಡ್ತೀವ್ರಿ? ಉತಾರ ತಗಸ್ತೀವಿ, ಬೋಜಾ ಐತೇನು ನೋಡ್ತೀವಿ, ಹಿಂದಿನ ಮಾಲಕ ಯಾರು, ಅಣ್ಣತಮ್ಮಂದೇರು ಸಹಿ ಮಾಡ್ಯಾರೇನು, ಅಷ್ಟಾದ್ರೂ ಸಮಾಧಾನ ಇಲ್ಲ, ವಕೀಲರಿಗೆ ತೋರಸ್ತೀವಿ. ಅದ ನಾವು ಪಕ್ಕದ ಮನಿಯವರ ದೇವರು ಏನಂದಾನ ಅಂತ ತಿಳಕೊಳ್ಳಾಕ ಮೊಬೈಲಿಗೆ ಬಂದ ಒಂದು ಫೋಟೋ ಸಾಕು ಅಂತೀವಿ. ಅದನ್ನ ಯಾರು ಮಾಡಿದ್ರು, ಯಾವ ಪುಸ್ತಕದ್ದು, ಅನುವಾದ ಯಾರದು, ಏನೂ ಕೇಳಂಗಿಲ್ಲ.

ಇದರಿಂದ ಏನಾಕ್ಕೈತಿ ಅಂತ ಈ ಭಾಗದವರಿಗೆ ನಾ ಹೇಳೋದು ಬ್ಯಾಡ. ಹುಬ್ಬಳ್ಳಿ ಈದ್ಗಾ ಮೈದಾನದ ಗದ್ದಲ ತೊಂಬತ್ತರ ದಶಕದಿಂದ ನೋಡಿದವರು ಇಲ್ಲಿ ಕುಂತೀರಿ, 1994ರ ಆಗಸ್ಟ್ 15ರ ಗೋಲಿಬಾರ್ ನೆನಪಿದ್ದವರೂ ಇದ್ದೀರಿ. 2021ರ ಅಕ್ಟೋಬರ್‌ನ್ಯಾಗ ಬೈರಿದೇವರಕೊಪ್ಪದಾಗ ಚರ್ಚಿನೊಳಗ ಹೊಕ್ಕು ಭಜನಿಗೆ ಕುಂತ್ರು. 2022ರ ಏಪ್ರಿಲ್‌ನ್ಯಾಗ ಹಳೇ ಹುಬ್ಬಳ್ಳಿ ಪೊಲೀಸ್ ಸ್ಟೇಷನ್ ಮುಂದ ಕಲ್ಲು ಬಿದ್ದವು, ಅದಕ್ಕ ಕಾರಣ ಒಂದು ಎಡಿಟ್ ಮಾಡಿದ ಫೋಟೋ. ಇವೆಲ್ಲ ಗ್ರಂಥ ಓದಿ ಆದ ಜಗಳ ಅಲ್ಲ, ಜಾಗಾ, ವೋಟು, ಸಿಟ್ಟು ಎಲ್ಲಾ ಅದರಾಗ ಐತಿ ಅನ್ನೋದು ನನಗೂ ಗೊತ್ತೈತಿ. ಆದ್ರ ಗಲಾಟಿ ಆದ ಮರುದಿನ ಚಾದಂಗಡಿಯಾಗ "ಅವರ ಪುಸ್ತಕದಾಗ ಹಂಗ ಬರದೈತಿ ಬಿಡೋ" ಅಂತ ಒಂದು ಮಾತು ಬರತೈತಲ್ಲ, ಇವತ್ತ ನಾನು ಮಾತಾಡಾಕ ಬಂದದ್ದು ಆ ಒಂದು ಮಾತಿನ ಬಗ್ಗೆ.

ಬರದೈತೇನು, ನೋಡೂಣು. ಫಾರ್ವರ್ಡ್‌ನ್ಯಾಗ ಭಾಳ ಅಡ್ಡಾಡೋದು ಕುರಾನಿನ 9ನೇ ಅಧ್ಯಾಯದ 5ನೇ ಆಯತ್. ಬಹುದೇವರ ಪೂಜಿ ಮಾಡೋವರನ್ನ ಕಂಡಲ್ಲಿ ಕೊಲ್ರಿ, ಹಿಡೀರಿ, ಮುತ್ತಿಗಿ ಹಾಕ್ರಿ ಅನ್ನೋ ಅರ್ಥದ ಮಾತು ಅದರಾಗ ಐತಿ. ಇಲ್ಲ ಅನ್ನೋದು ಬ್ಯಾಡ, ಐತಿ. ಈಗ ಅದರ ಹಿಂದಿನದು ಓದ್ರಿ, 4ನೇದು: ನಿಮ್ಮ ಜೋಡಿ ಕರಾರು ಮಾಡಿಕೊಂಡು ಅದನ್ನ ಮುರೀದವರು, ನಿಮ್ಮ ವಿರುದ್ಧ ಯಾರಿಗೂ ಸಹಾಯ ಮಾಡದವರು ಇದ್ದಾರಲ್ಲ, ಅವರ ಕರಾರು ಮುದತ್ತು ಮುಗಿಯೋ ತನಕ ಪಾಲಿಸ್ರಿ ಅಂತೈತಿ. ಇವರೂ ಬಹುದೇವರ ಪೂಜಿ ಮಾಡೋವರ, ಅದನ್ನ ಮರೀಬ್ಯಾಡ್ರಿ. ಮುಂದಿನದು ಓದ್ರಿ, 6ನೇದು: ಅದ ಬಹುದೇವರ ಪೂಜಿ ಮಾಡೋವ್ನು ಒಬ್ಬಾತ ಬಂದು ಆಸರ ಕೇಳಿದ್ರ ಆಸರ ಕೊಡ್ರಿ, ದೇವರ ಮಾತು ಕೇಳಲಿ, ಆಮ್ಯಾಲ ಅವಗ ಸುರಕ್ಷಿತ ಅನಿಸೋ ಜಾಗಾಕ್ಕ ಮುಟ್ಟಸ್ರಿ. 13ನೇದರಾಗ ಇವರು ಯಾರು ಅಂತನೂ ಐತಿ, ಆಣಿ ಮುರದವರು, ಮೊದಲು ಕೈ ಎತ್ತಿದವರು ಅಂತ.

ಇದರ ಹಿಂದ ಒಂದು ಕತಿ ಐತಿ. 628ರಾಗ ಪ್ರವಾದಿ ಮುಹಮ್ಮದರೂ ಮೆಕ್ಕಾದ ಕುರೈಷ್ ಕುಲದವರೂ ಹುದೈಬಿಯಾ ಅನ್ನೋ ಕಡೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡ್ರು. ಎರಡು ವರ್ಷ ಆಗೋದ್ರಾಗ ಕುರೈಷರ ಕಡೆಯವರಾದ ಬನೂ ಬಕ್ರ್ ಕುಲದವರು ಪ್ರವಾದಿಯವರ ಕಡೆಯ ಖುಜಾಅ ಕುಲದ ಮ್ಯಾಲ ಬಿದ್ರು, ಒಪ್ಪಂದ ಹರೀತು, 630ರಾಗ ಮೆಕ್ಕಾ ಪ್ರವಾದಿಯವರ ಕೈಗೆ ಬಂತು. ಅದರ ಮರುವರ್ಷ ಹಜ್ ಹೊತ್ತಿನ್ಯಾಗ ಜನರ ಮುಂದ ಓದಿ ಹೇಳಿದ ಘೋಷಣೆ ಇದು, ನಾಲ್ಕು ತಿಂಗಳ ಮುದತ್ತು ಕೊಟ್ಟು. ಅಂದ್ರ ಒಂದು ಯುದ್ಧದ, ಒಂದು ಹರದ ಕರಾರಿನ ಕಾಗದ ಇದ್ದಂಗ.

ಇಷ್ಟು ಹೇಳಿ ನಾ ಕೈ ತೊಳಕೊಂಡ್ರ ನಾನೂ ಕತ್ತರಿ ಹಾಕಿದಂಗ. ಅದ 5ನೇ ಆಯತಿನ ಕಡೀಕ, ಅವರು ತೌಬಾ ಮಾಡಿ, ಅಂದ್ರ ಪಶ್ಚಾತ್ತಾಪ ಪಟ್ಟು, ನಮಾಜ್ ಮಾಡಿ ಜಕಾತ್ ಅನ್ನೋ ಕಡ್ಡಾಯ ದಾನ ಕೊಟ್ರ ಬಿಟ್ಟುಬಿಡ್ರಿ ಅಂತೈತಿ, ಅದು ಇವತ್ತಿನ ನಮ್ಮ ಕಿವಿಗೆ ಸಲೀಸಾಗಿ ಇಳಿಯೋದಲ್ಲ. ಹಳೇ ವ್ಯಾಖ್ಯಾನಕಾರರೊಳಗ ಈ ಒಂದು ಆಯತ್ ಹಿಂದಿನ ಶಾಂತಿ ಆಯತುಗಳನ್ನ ರದ್ದು ಮಾಡತೈತಿ ಅಂದವರೂ ಇದ್ದರು, ಹಂಗಲ್ಲ, ಇದು ಆ ಜನಕ್ಕಷ್ಟ ಅಂದವರೂ ಇದ್ದರು. ಇದೂ ಸಂದರ್ಭನ. ಓದಿದವರು ಏನೇನು ಮಾಡಿಕೊಂಡ್ರು ಅನ್ನೋದೂ ಪುಸ್ತಕದ ಬಾಳೇವುದೊಳಗ ಬರತೈತಿ.

ಈಗ ಪ್ರೀತಿ ಮಾಡೋವರ ಕಡೆ ಬರೂಣು. ಶಾಂತಿ ಸಭಾದಾಗ ಎದ್ದು ನಿಂತು "ಒಬ್ಬರನ್ನ ಕೊಂದ್ರ ಇಡೀ ಮನುಷ್ಯಕುಲನ ಕೊಂದಂಗ ಅಂತ ಕುರಾನ್ ಹೇಳತೈತಿ" ಅಂತಾರ. 5ನೇ ಅಧ್ಯಾಯದ 32. ಭಾಳ ಚಂದ ಮಾತು. ಆದ್ರ ಆ ಆಯತ್ ಸುರು ಆಗೋದು "ಇಸ್ರಾಯೇಲ್ ಸಂತತಿಗೆ ನಾವು ವಿಧಿಸಿದ್ದು" ಅಂತ, ನಡುವ "ಕೊಲೆಗೆ ಬದಲು ಅಥವಾ ನಾಡಿನಾಗ ಹಾವಳಿ ಎಬ್ಬಿಸಿದ್ದಕ್ಕಲ್ಲದ" ಅಂತ ಒಂದು ಷರತ್ತೈತಿ, ಅದರ ಮುಂದಿನ 33ನೇದರಾಗ ಭಾಳ ಕಠೋರ ಶಿಕ್ಷೆ ಅದಾವ. ಇದನ್ನ ಬಿಟ್ಟು ಬರೇ ಚಂದ ಮಾತು ಹೇಳಿದ್ರ, ಎದುರಿನವ ಮನಿಗೆ ಹೋಗಿ ಮೊಬೈಲ್ ತಗದು ಪೂರ್ತಿ ಓದಿ "ನನಗ ಮೋಸ ಮಾಡಿದ್ರು" ಅಂತಾನ, ಆಮ್ಯಾಲ ನೀವು ಹೇಳಿದ ಒಳ್ಳೇ ಮಾತೂ ನಂಬಂಗಿಲ್ಲ. ಅದ ಯಹೂದಿಗಳ ಹಳೇ ಧರ್ಮಶಾಸ್ತ್ರ ಮಿಷ್ನಾದಾಗೂ ಈ ಮಾತು ಐತಿ ಅಂತ ಯಾರೂ ಹೇಳಂಗಿಲ್ಲ, ಅದು ಹೇಳಿದ್ರ ನಿಜವಾಗಿ ಇನ್ನೂ ಚಂದ.

ನಮ್ಮ ಕಡೇದೂ ಹಂಗ. ಹೆಣ್ಣಿಗೆ ಗೌರವ ಇದ್ದಲ್ಲಿ ದೇವತೆಗಳಿರ್ತಾರ ಅನ್ನೋ ಮನುಸ್ಮೃತಿಯ "ಯತ್ರ ನಾರ್ಯಸ್ತು ಪೂಜ್ಯಂತೇ" ಮಹಿಳಾ ದಿನಾಚರಣಿ ಆಮಂತ್ರಣದಾಗ, ಹೆಣ್ಣು ಸ್ವಾತಂತ್ರ್ಯಕ್ಕ ತಕ್ಕವಳಲ್ಲ ಅನ್ನೋ "ನ ಸ್ತ್ರೀ ಸ್ವಾತಂತ್ರ್ಯಮರ್ಹತಿ" ಧರಣಿ ಕುಂತವರ ಫಲಕದಾಗ. ಎರಡೂ ಒಂದ ಪುಸ್ತಕದ್ದು, ಒಂದು 3ನೇ ಅಧ್ಯಾಯದ್ದು, ಒಂದು 9ನೇದ್ದು. ಎರಡನ್ನೂ ಕೂಡಿಸಿ ಓದಿದ್ರ ಆ ಕಾಲದಾಗ ಹೆಣ್ಣಿನ ಬಗ್ಗೆ ಏನಿತ್ತು ಅನ್ನೋ ಚಿತ್ರ ಬರತೈತಿ, ಆದ್ರ ಕೂಡಿಸಿ ಓದಾಕ ಯಾರಿಗೂ ಪುರಸೊತ್ತಿಲ್ಲ.

ಇನ್ನ ಯಾರು ಅಂದದ್ದು ಅನ್ನೋದು. ಬೈಬಲ್ಲಿನ ಲೂಕನ ಸುವಾರ್ತೆ 19ನೇ ಅಧ್ಯಾಯ 27ನೇ ವಚನ: ನನ್ನ ವೈರಿಗಳನ್ನ ಇಲ್ಲಿ ತಂದು ನನ್ನ ಮುಂದ ಕೊಲ್ರಿ ಅಂತೈತಿ. "ಯೇಸು ಹಿಂಗಂದಾನ" ಅಂತ ಇದೂ ಅಡ್ಡಾಡತೈತಿ. ಯೇಸು ಹೇಳಿದ್ದು ಖರೆ, ಆದ್ರ ಅಂವ ಒಂದು ಕತಿ ಹೇಳಾಕತ್ತಿದ್ದ, ದೂರ ದೇಶಕ್ಕ ಹೋಗಿ ರಾಜ ಆಗಿ ಬಂದವ್ನ ಕತಿ, ಆಳುಗಳಿಗೆ ದುಡ್ಡು ಕೊಟ್ಟು ಹೋಗಿದ್ದ, ಬಂದು ಲೆಕ್ಕ ಕೇಳ್ತಾನ, ಅವನ ಆಳ್ವಿಕಿ ಬ್ಯಾಡ ಅಂದವರನ್ನ ಕೊಲ್ಲಸ್ತಾನ, ಆ ಮಾತು ಕತಿಯೊಳಗಿನ ರಾಜಂದು. ಅದ ಅಧ್ಯಾಯದಾಗ, ಇನ್ನೊಂದು ಹದಿನೈದು ವಚನ ಕೆಳಗ ಬರ್ರಿ, ಯೆರೂಸಲೇಮ್ ಊರು ಕಣ್ಣಿಗೆ ಬೀಳತೈತಿ, ಇದರ ಮುಂದಿನ ಗತಿ ಏನು ಅಂತ ಯೇಸು ಅಳ್ತಾನ. ಕತಿಯ ರಾಜನ ಮಾತು ಎಷ್ಟು ಮಂದಿಗೆ ಮುಟ್ಟೈತಿ, ಈ ಅಳು ಎಷ್ಟು ಮಂದಿಗೆ ಮುಟ್ಟೈತಿ ಹೇಳ್ರಿ.

ಇದರ ಉಲ್ಟಾನೂ ಆಗತೈತಿ. "ವಸುಧೈವ ಕುಟುಂಬಕಂ" ಮಹೋಪನಿಷತ್ತಿನ್ಯಾಗ ಜ್ಞಾನಿಯ ಲಕ್ಷಣ. ಅದ ಶ್ಲೋಕ ಹಿತೋಪದೇಶದಾಗೂ ಬರತೈತಿ, ಅಲ್ಲಿ ಹೇಳೋದು ಯಾರು ಗೊತ್ತೇನ್ರಿ? ನರಿ. ಜಿಂಕಿ ಮಾಂಸದ ಮ್ಯಾಲ ಕಣ್ಣಿಟ್ಟು ದೋಸ್ತಿ ಮಾಡಿದ ನರಿ. ಗುರ್ತಾಪರ್ತಾ ಇಲ್ಲದವ್ನ ನಂಬಬ್ಯಾಡ ಅಂತ ಕಾಗಿ ಜಿಂಕಿಗೆ ಹೇಳಿದಾಗ ನರಿ ಸಿಟ್ಟಿಗೆದ್ದು, ನಮ್ಮವ ಪರಕೀಯ ಅನ್ನೋದು ಸಣ್ಣ ಮನಸಿನವರ ಲೆಕ್ಕ ಅಂತ ಈ ಶ್ಲೋಕ ಒದರತೈತಿ. ಆಮ್ಯಾಲ ಜಿಂಕಿ ಬಲಿಯಾಗ ಸಿಕ್ಕಾಗ ಬಿಡಿಸಂಗಿಲ್ಲ, ಕಾಯ್ಕೋಂತ ಕುಂದರತೈತಿ. (ನಗು.) ರಾಜಕಾರಣಿಗಳ ಬಾಯಾಗ ಈ ಶ್ಲೋಕ ಬಂದಾಗ ನನಗ ಯಾವ ಪುಸ್ತಕ ನೆನಪಾಗತೈತಿ ಅನ್ನೋದು ನಿಮಗ ಬಿಡ್ತೀನಿ.

ಗೀತೆ. ಅರ್ಜುನಗ ಯುದ್ಧ ಮಾಡು, ಸತ್ರ ಸ್ವರ್ಗ ಗೆದ್ರ ಭೂಮಿ ಅಂತ 2ನೇ ಅಧ್ಯಾಯದ 37ನೇ ಶ್ಲೋಕ. ಅದನ್ನಷ್ಟ ಹಿಡಕೊಂಡು ಹಿಂದೂಗಳ ಗ್ರಂಥ ಕೊಲ್ಲಾಕ ಹೇಳತೈತಿ ಅನ್ನೋವರೂ ಅದಾರ, ಅದನ್ನ ಹಿಡಕೊಂಡು ಮೆರವಣಿಗಿಯಾಗ ತಲವಾರ ತಿರುವೋವರೂ ಅದಾರ. ತಿಲಕರು ಮಂಡಾಲೆ ಜೈಲಿನ್ಯಾಗ ಕುಂತು ಗೀತೆ ಅಂದ್ರ ಕರ್ಮ ಮಾಡೋ ಶಾಸ್ತ್ರ ಅಂದ್ರು. ಗಾಂಧೀಜಿ ಇದು ಎದಿಯೊಳಗಿನ ಯುದ್ಧ ಅಂದ್ರು, ಸಂಜಿ ಪ್ರಾರ್ಥನಿಯಾಗ 2ನೇ ಅಧ್ಯಾಯದ ಸ್ಥಿತಪ್ರಜ್ಞನ ಶ್ಲೋಕ ಹೇಳಸ್ತಿದ್ರು. ಅವರನ್ನ ಕೊಂದವ ಗಲ್ಲಿಗೆ ಹೋಗುವಾಗ ಕೈಯಾಗ ಹಿಡದದ್ದೂ ಗೀತೆ ಅಂತಾರ. ಒಂದ 700 ಶ್ಲೋಕ.

ಆದ್ರ ಆ 700 ಶ್ಲೋಕ ಕುಂತಿರೋದು ಎಲ್ಲಿ? ಭೀಷ್ಮಪರ್ವದಾಗ. ಅದು ಮಹಾಭಾರತದ ಒಂದು ತುಂಡು. ನಮ್ಮ ಗದುಗಿನ ನಾರಣಪ್ಪ ಇಲ್ಲೇ ವೀರನಾರಾಯಣನ ಸನ್ನಿಧಿಯೊಳಗ ಕುಂತು ಬರದದ್ದು ಹತ್ತು ಪರ್ವ, ಗದಾಪರ್ವದ ತನಕ. ವ್ಯಾಸರ ಭಾರತ ಅಲ್ಲಿಗೆ ನಿಲ್ಲಂಗಿಲ್ಲ. ರಾತ್ರಿ ಮಲಗಿದ ಹುಡುಗರನ್ನ ಅಶ್ವತ್ಥಾಮ ಕೊಲ್ಲೋದು ಐತಿ, ಅದರ ಮುಂದ ಸ್ತ್ರೀಪರ್ವ ಐತಿ, ವಿಧವೆಯರು ಹೆಣ ಹುಡುಕಿಕೋಂತ ರಣದಾಗ ಅಡ್ಡಾಡೋದು. ಅಲ್ಲಿ ಗಾಂಧಾರಿ ಕೃಷ್ಣನ ಮುಂದ ನಿಂತು, ನಿನ್ನ ಕೈಯಾಗ ತಡಿಯೋ ಶಕ್ತಿ ಇದ್ರೂ ತಡೀಲಿಲ್ಲ, ನಿನ್ನ ಕುಲನೂ ಹಿಂಗ ಹೊಡದಾಡಿ ಸಾಯಲಿ ಅಂತ ಶಾಪ ಕೊಡ್ತಾಳ. ಗೀತೆ ಹೇಳಿದ ಕೃಷ್ಣ ಆ ಶಾಪ ತಗೊಳ್ತಾನ. ಯುದ್ಧ ಗೆದ್ದ ಧರ್ಮರಾಜನೂ ನನಗೀ ರಾಜ್ಯ ಬ್ಯಾಡ ಅಂತಾನ. ಗೀತೆಯ ಒಂದು ಶ್ಲೋಕ ಹೇಳೋವರು ಗಾಂಧಾರಿಗೂ ಒಂದು ಮಾತು ಜಾಗಾ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಮತ್ತ 18ನೇ ಅಧ್ಯಾಯದಾಗ, ಎಲ್ಲಾ ಹೇಳಿ ಮುಗಿಸಿದ ಮ್ಯಾಲ ಕೃಷ್ಣ ಏನಂತಾನ? ಇದನ್ನೆಲ್ಲ ಪೂರ್ತಿ ವಿಚಾರ ಮಾಡು, ಆಮ್ಯಾಲ ನಿನಗ ಹೆಂಗ ಬೇಕೋ ಹಂಗ ಮಾಡು ಅಂತಾನ. ದೇವರ "ವಿಚಾರ ಮಾಡು" ಅಂದಾಗ ನಾವು ಫಾರ್ವರ್ಡ್ ಮಾಡ್ತೀವಿ.

ವಿಚಾರ ಮಾಡಿದವರಿಗೆ ನಾವೇನು ಮಾಡಿದ್ವಿ ಅನ್ನೋದೂ ಹೇಳಬೇಕಾಗತೈತಿ, ಧಾರವಾಡ ಇಲ್ಲಿಂದ ದೂರ ಏನಿಲ್ಲ. ಎಂ. ಎಂ. ಕಲಬುರ್ಗಿ ಸರ್ ಶಾಸನ, ವಚನ ಎಲ್ಲಾ ಕಾಲ ನೋಡಿ, ಹಸ್ತಪ್ರತಿ ನೋಡಿ, ಪಾಠ ನೋಡಿ ಓದೋವರು. ಸಮಗ್ರ ವಚನ ಸಂಪುಟದ ಹಿಂದ ಅವರ ದುಡಿಮಿ ಐತಿ. 1989ರಾಗ ತಾವು ಬರದದ್ದನ್ನ ಹಿಂದಕ್ಕ ತಗೊಳ್ಳೋ ಹಂಗ ಒತ್ತಡ ಬಂತು, ತಗೊಂಡ್ರು. 2015ರ ಆಗಸ್ಟ್ 30ಕ್ಕ ಮುಂಜಾನೆ ಕಲ್ಯಾಣನಗರದ ಮನಿ ಬಾಗಲದಾಗ ಅವರನ್ನ ಗುಂಡು ಹೊಡದು ಕೊಂದ್ರು. ಅವರು ಹೇಳಿದ್ದೆಲ್ಲ ನನಗ ಒಪ್ಪಿಗಿ ಐತಿ ಅಂತಲ್ಲ, ಒಪ್ಪದವರು ಇನ್ನೊಂದು ಶಾಸನ ತೋರಸಬೇಕಿತ್ತು.

ಇನ್ನೊಂದು ಕಡೆ ಎಚ್ಚರಿಕಿ ಬೇಕು. ಸಂದರ್ಭ ಅಂದಕೂಡಲೇ ಎಲ್ಲಾ ತಿಳಿಯಾಗತೈತಿ ಅನ್ನೋದು ಖರೆ ಅಲ್ಲ. ಹಳೇ ಒಡಂಬಡಿಕೆಯ ಒಂದನೇ ಸಮುವೇಲ 15ರಾಗ ಅಮಾಲೇಕ್ಯರ ಹೆಂಗಸ್ರು, ಕೂಸು, ದನ ಎಲ್ಲಾ ಕೊಲ್ರಿ ಅಂತೈತಿ, ಹಿಂದ ಮುಂದ ಎಷ್ಟು ಓದಿದ್ರೂ ಅದು ಮೆತ್ತಗಾಗಂಗಿಲ್ಲ. ಶೂದ್ರರ ಬಗ್ಗೆ ಮನು ಬರದದ್ದೂ ಮೆತ್ತಗಾಗಂಗಿಲ್ಲ. ಅಂಥಲ್ಲಿ ಸಂದರ್ಭ ತಿಳಕೊಂಡ್ರ ಆಗೋ ಲಾಭ ಒಂದ, ಇದು ಆ ಕಾಲದ್ದು ಅಂತ ಗೊತ್ತಾಗತೈತಿ, ಇವತ್ತಿನ ಆರ್ಡರ್ ಅಲ್ಲ ಅಂತ. ಹಿಂದಿನವರಿಗೂ ಇದು ಗೊತ್ತಿತ್ತು, ನಾವ ಮೊದಲು ಕಂಡುಹಿಡದದ್ದಲ್ಲ. ಧರ್ಮಶಾಸ್ತ್ರದವರು ಕಲಿವರ್ಜ್ಯ ಅಂತ ಒಂದು ಪಟ್ಟಿ ಮಾಡಿದ್ರು, ನಿಯೋಗ (ಗಂಡನ ಬದಲು ಬ್ಯಾರೆಯವನಿಂದ ಮಕ್ಕಳನ್ನ ಪಡಿಯೋದು), ಅಶ್ವಮೇಧ ಇವೆಲ್ಲ ಗ್ರಂಥದಾಗ ಇದ್ರೂ ಕಲಿಯುಗದಾಗ ಮಾಡಬಾರದು ಅಂತ. ಕಳವು ಮಾಡಿದ್ರ ಕೈ ಕಡೀಬೇಕು ಅಂತ ಕುರಾನಿನ್ಯಾಗ ಐತಿ, ಖಲೀಫಾ ಉಮರ್ ಬರಗಾಲ ಬಿದ್ದ ವರ್ಷ ಆ ಶಿಕ್ಷೆ ನಿಲ್ಲಿಸಿದ್ರು ಅಂತ ಅವರ ಪರಂಪರೆಯಾಗ ಹೇಳ್ತಾರ, ಹಸಿದವ ಕದ್ರ ಅದು ಕಳವಲ್ಲ ಅಂತ. ನಮ್ಮ ಬಯಲುಸೀಮಿ ರೈತರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ನಮ್ಮ ಜನಕ್ಕ ಓದಾಕ ಬರಂಗಿಲ್ಲ ಅಂತ ನಾ ಹೇಳಾಕತ್ತಿಲ್ಲ. ಖರೇನ ಹೇಳಬೇಕಂದ್ರ ಭಾಳ ಚಲೋ ಬರತೈತಿ. ಹರದೇಶಿ ನಾಗೇಶಿ ಮೇಳ ನೋಡೀರಲ್ಲ. ಒಬ್ಬರು ಗಂಡು ಹೆಚ್ಚು, ಒಬ್ಬರು ಹೆಣ್ಣು ಹೆಚ್ಚು ಅಂತ ರಾತ್ರಿ ಪೂರಾ ಹಾಡ್ತಾರ, ನಡುವ ಒಂದು ಪುರಾಣದ ಮಾತು ತಂದ್ರ ಎದುರಿನ ಮೇಳದವರು ಬಿಡಂಗಿಲ್ಲ, ಯಾವ ಪುರಾಣ, ಯಾವ ಅಧ್ಯಾಯ, ಯಾರು ಯಾರಿಗೆ ಹೇಳಿದ್ರು ಹೇಳಿ ಮುಂದ ಹಾಡು ಅಂತಾರ, ಹೇಳದಿದ್ರ ಮಂದಿ ಶಿಳ್ಳಿ ಹೊಡೀತಾರ. ಭಜನಿ ಮೇಳದಾಗೂ ಹಂಗ. ಶಿಶುನಾಳ ಶರೀಫರ ಪದ, "ಕೋಡಗನ ಕೋಳಿ ನುಂಗಿತ್ತ" ಅಂತ ಹಾಡಿದ್ರ ಯಾರೂ ಕೋಳಿ ಮ್ಯಾಲ ಕೇಸ್ ಹಾಕಿಲ್ಲ, ಕೋಡಗ ಅಂದ್ರ ಏನು ಕೋಳಿ ಅಂದ್ರ ಏನು ಅಂತ ಪಕ್ಕದ ಹಿರಿಯಾರನ್ನ ಕೇಳ್ತಾರ. ಅಕ್ಷರ ಬರದ ಮಂದಿ ಕೇಳೋ ಪ್ರಶ್ನೆ ಡಿಗ್ರಿ ಮಾಡಿದವರು ಮೊಬೈಲ್ ನೋಡುವಾಗ ಯಾಕ ಮರೀತಾರ ಅನ್ನೋದ ನನ್ನ ತಕರಾರು.

ಶರೀಫರ ಹೆಸರು ಬಂತು ಅಂದ್ರ ಇಲ್ಲಿ ಎಲ್ಲಾರಿಗೂ ಸಮಾಧಾನ. 1819ರಾಗ ಶಿಶುವಿನಹಾಳದ ಸಾಬರ ಮನಿಯಾಗ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯ ಆಗಿ, ಮೊಹರಮ್ ಪದನೂ ಬರದು, ದೇವೀ ಪದನೂ ಬರದ್ರು. ಲಕ್ಷ್ಮೇಶ್ವರದಾಗ ಸೋಮೇಶ್ವರ ಗುಡಿ, ಶಂಖ ಬಸದಿ, ದೂದಪೀರರ ದರ್ಗಾ ಒಂದ ಊರಾಗ ಅದಾವ. ಮೊಹರಮ್ಮಿನ ಅಲಾಯಿ ದೇವರನ್ನ ಎಷ್ಟೋ ಹಳ್ಳಿಯಾಗ ಹಿಂದೂಗಳ ಹೊರ್ತಾರ. ಇದೆಲ್ಲ ಖರೆ. ಆದ್ರ ಶರೀಫರ ಹೆಸರು ಹೇಳಿ, ಹಾರ ಹಾಕಿ, ಮನಿಗೆ ಹೋಗಿ ಮತ್ತ ಅದ ಗ್ರೂಪಿನ್ಯಾಗ ಕುಂದರೋದು ಐತಲ್ಲ, ಅದಕ್ಕ ನನಗ ಬ್ಯಾಸರ. ಗೋವಿಂದಭಟ್ಟರೂ ಶರೀಫರೂ ಕೂಡಿ ಕುಂತು ಓದಿದ್ರು, ನಾವು ಅವರ ಫೋಟೋ ಕೂಡಿಸೀವಿ.

ಮಾತು ಮುಗದ ಮ್ಯಾಲ ಪ್ರಶ್ನೆ ಬಂದ್ವು, ಅದರಾಗಿನ ಕೆಲವು ಬರೀತೀನಿ.

ಒಬ್ಬ ತರುಣರು ಎದ್ದು, "ಸರ್, ನಾವು ಅವರದು ಹಿಂದ ಮುಂದ ನೋಡಿ ಓದ್ತೀವಿ, ಅವರು ನಮ್ಮದು ಹಂಗ ಓದ್ತಾರೇನ್ರಿ?" ಅಂದ್ರು. ಓದೋವರೂ ಇರ್ತಾರ ಓದದವರೂ ಇರ್ತಾರ ತಮ್ಮಾ, ಆದ್ರ ಅವರು ಓದ್ತಾರೇನು ಅಂತ ಕಾಯ್ಕೋಂತ ಕುಂತ್ರ ನಿನಗ ತಪ್ಪು ತಿಳುವಳಿಕಿ ಉಳೀತೈತಿ, ನಷ್ಟ ನಿಂದು, ಅಂದೆ. ಅವರಿಗೆ ಪೂರಾ ಸಮಾಧಾನ ಆಗಲಿಲ್ಲ, ಮಾರಿ ನೋಡಿದ್ರ ಗೊತ್ತಾಕ್ಕಿತ್ತು.

ಟೋಪಿ ಹಾಕಿದ್ದ ಹಿರಿಯರೊಬ್ಬರು, "ನಮ್ಮ ಹುಡುಗರೂ ಅರಬ್ಬಿ ಬಾಯಿಪಾಠ ಮಾಡ್ತಾವ್ರಿ, ಅರ್ಥ ಕೇಳಿದ್ರ ಗೊತ್ತಿಲ್ಲ, ಹೊರಗಿನವರು ಬಂದು ಕೇಳಿದ್ರ ನಮಗೂ ಸಿಟ್ಟು ಬರತೈತಿ, ಅದು ಕಡಿಮಿ ಆಗಬೇಕು" ಅಂದ್ರು. ನಾ ಹೇಳಿದ್ದಕ್ಕಿಂತ ಅವರು ಹೇಳಿದ್ದಕ್ಕ ಚಪ್ಪಾಳಿ ಜಾಸ್ತಿ ಬಿತ್ತು.

ಒಬ್ಬ ಅಕ್ಕಾರು ಕೇಳಿದ್ದು ಎಲ್ಲಾರ ಮನಿ ಪ್ರಶ್ನೆ: "ಮನಿ ಗ್ರೂಪಿನ್ಯಾಗ ಮಾವ, ಭಾವ ಇಂಥಾವು ಹಾಕ್ತಾರ್ರಿ, ಎದುರು ಮಾತಾಡಿದ್ರ ಸೊಸಿ ಸೊಕ್ಕು ಅಂತಾರ, ಏನ್ ಮಾಡೋದು?" ಉದ್ದ ಉತ್ತರ ಬರೀಬ್ಯಾಡ್ರಿ, ವಾದ ಬ್ಯಾಡ್ರಿ, "ಭಾವಾರ, ಇದು ಎಷ್ಟನೇ ಅಧ್ಯಾಯದ್ದು, ಹಿಂದಿನ ಪುಟನೂ ಹಾಕ್ತೀರೇನ್ರಿ, ಓದ್ತೀನಿ" ಅಂತ ಭಾಳ ಮರ್ಯಾದಿಯಿಂದ ಕೇಳ್ರಿ ಅಂದೆ. ಮರ್ಯಾದಿಯಿಂದ ಕೇಳಿದ್ರ ಸೊಕ್ಕು ಅನ್ನಾಕ ಬರಂಗಿಲ್ಲ, ಹಿಂದಿನ ಪುಟ ಅವರ ಕಡೆ ಇರಂಗಿಲ್ಲ. ಹೆಣ್ಣುಮಕ್ಕಳು ಭಾಳ ನಕ್ಕರು.

ಪುಸ್ತಕ ಎಲ್ಲಿ ಸಿಗತಾವ ಅಂತ ಕೇಳಿದವರಿಗೆ: ಕುರಾನಿನ ಕನ್ನಡ ಅನುವಾದ ಒಂದಕ್ಕಿಂತ ಹೆಚ್ಚು ಅದಾವ, ಒಂದ ನಂಬಬ್ಯಾಡ್ರಿ, ಎರಡಿಟ್ಟುಕೊಂಡು ನೋಡ್ರಿ. ಸತ್ಯವೇದ ಯಾವ ಚರ್ಚಿನ್ಯಾಗ ಕೇಳಿದ್ರೂ ಸಿಗತೈತಿ. ವಚನಕ್ಕ ವಚನ ಸಂಚಯ ಅಂತ ವೆಬ್‌ಸೈಟ್ ಐತಿ, ಒಂದು ಶಬ್ದ ಟೈಪ್ ಮಾಡಿದ್ರ ಅದು ಬಂದ ವಚನ ಎಲ್ಲಾ ಬರತಾವ, ಅರ್ಧ ಸಾಲು ಹಾಕಿದವರನ್ನ ಹಿಡ್ಯಾಕ ಇದರಷ್ಟು ಚಲೋ ಸಾಧನ ಇಲ್ಲ.

ಕೂಡಿ ಓದೂಣು ಅಂತ ಕೆಲವರು ಮುಂದ ಬಂದ್ರು, ಮೊದಲಿಗೆ ಲೂಕನ 19ನೇ ಅಧ್ಯಾಯ, ಆಮ್ಯಾಲ ಕುರಾನಿನ 9, ಆಮ್ಯಾಲ ಸ್ತ್ರೀಪರ್ವ ಅಂತ ಠರಾವಾತು. ಯಾವ ದಿನ ಅನ್ನೋದಕ್ಕ ಮಾತ್ರ ಭಾಳ ಹೊತ್ತು ಹಿಡೀತು. ಶುಕ್ರವಾರ ಬ್ಯಾಡ ಅಂತ ಒಬ್ಬರು, ಐತವಾರ ಚರ್ಚ್ ಅಂತ ಒಬ್ಬರು, ಸೋಮವಾರ ಒಪ್ಪತ್ತು ಅಂತ ಇಬ್ಬರು, ಶನಿವಾರ ಹಣಮಪ್ಪನ ಗುಡಿಗೆ ಹೋಗಬೇಕು ಅಂತ ಅಜ್ಜಾರು. ಕಡೀಕ ಬುಧವಾರ ಸಂಜಿ ಆರಕ್ಕ ಅಂತ ಬರಕೊಂಡ್ರು.